ಕಪ್ಪು ಬೇನೆಯ ಜಾಡು

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಾಯಿಲೆ ಬಿದ್ದವನನ್ನು ಕುರಿತು ‘ಆಜಾರಿ ಬಿದ್ದಾನ’ ಎನ್ನುವುದುಂಟು. ಮೈಸೂರು ಸೀಮೆಯವರ ಕಿವಿಗೆ ಈ ಮಾತು ಸ್ವಲ್ಪ ಹೊಸತೆನಿಸೀತು. ಫಾರಸಿಯಲ್ಲಿ ‘ಆಜಾರ್’ ಎಂದರೆ ನೋವು, ಬೇನೆ. ಮರಾಠಿಯ ಮೂಲಕ ಬಂದು ನಮ್ಮ ಪಡಸಾಲೆಯಲ್ಲಿ ಕುಳಿತುಕೊಂಡ ಈ ಶಬ್ದವೇ ಪೂರ್ವದಿಕ್ಕಿಗೂ ನಡೆದುಹೋಗಿ, ಗಂಗೆ ಬ್ರಹ್ಮಪುತ್ರೆಗಳ ಬಯಲಿನಲ್ಲಿ ಒಂದು ಭಯಂಕರ ರೋಗದ ಹೆಸರಿನೊಳಗೆ ಸೇರಿಕೊಂಡಿತು. ‘ಕಾಲಾ ಆಜಾರ್’ ಎಂದರೆ ಕಪ್ಪು ಬೇನೆ. ರೋಗ ಬಲಿತಂತೆ ಮೈಬಣ್ಣ ಕಪ್ಪಿಡುವುದರಿಂದ ಆ ಹೆಸರು ಬಂತೆನ್ನುತ್ತಾರೆ.

ಶಬ್ದದ ಬೆನ್ನು ಹತ್ತಿ ಹೊರಟ ನಾನು ನಾಲ್ಕಾರು ಪುಸ್ತಕಗಳನ್ನು ತಿರುವಿಹಾಕುವಷ್ಟರಲ್ಲಿ ರೋಗದ ಚರಿತ್ರೆಯ ಕೈಗೇ ಸಿಕ್ಕಿಬಿದ್ದೆ. ಕನ್ನಡ ಪಾಠ ಹೇಳುವವನಿಗೆ ಜ್ವರದ ಚರಿತ್ರೆ ಏತಕ್ಕೆ ಎಂದು ವಾಚಕರು ಕೇಳಬಹುದು. ರಾಜರು ಗೆದ್ದ ಯುದ್ಧಗಳ ಕಥೆಯನ್ನು ನಾವೆಲ್ಲ ಬೇಕಾದಷ್ಟು ಓದಿದ್ದೇವೆ. ಒಂದು ರೋಗವನ್ನು ‘ಇದೇ ಅದು’ ಎಂದು ಬೊಟ್ಟುಮಾಡಿ ತೋರಿಸುವುದಕ್ಕೆ ಮನುಷ್ಯ ನೂರು ವರ್ಷಕ್ಕೂ ಮಿಕ್ಕಿ ಪಟ್ಟ ಪಾಡಿನ ಕಥೆ ಅದಕ್ಕಿಂತ ಕಡಮೆ ರೋಚಕವಾದುದೇನಲ್ಲ. ಈ ಕಥೆಗೆ ಒಂದು ದಿಕ್ಕು ಕೂಡ ಉಂಟು. ವೈದ್ಯರ ಸೂಜಿ ಮೊದಲು ಹೊಟ್ಟೆಯೊಳಗಿನ ಗುಲ್ಮವನ್ನು ಚುಚ್ಚಿತು. ಬಳಿಕ ತೋಳಿನ ನರಕ್ಕೆ ಬಂತು. ಆಮೇಲೆ ಬೆರಳಿನ ತುದಿಗೆ ಬಂತು. ಈಚೆಗೆ ಸೂಜಿಯ ಗೊಡವೆಯೇ ಬೇಡವೆಂದು ಮೂತ್ರದಲ್ಲಿ ರೋಗದ ಗುರುತು ಹುಡುಕುವ ಪ್ರಯತ್ನ ನಡೆದಿದೆ. ಹೀಗೆ ಒಳಗಿನಿಂದ ಹೊರಕ್ಕೆ ಬಂದ ದಾರಿಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ರೋಗದ ಪರಿಚಯ. ಕಣ್ಣಿಗೆ ಕಾಣದ ಒಂದು ಪರೋಪಜೀವಿ ಇದಕ್ಕೆ ಕಾರಣ. ಅದನ್ನು ಒಬ್ಬರಿಂದ ಒಬ್ಬರಿಗೆ ಸಾಗಿಸುವುದು ಮರಳುನೊಣ. ಇದು ಸೊಳ್ಳೆಗಿಂತ ಚಿಕ್ಕದು. ದೂರ ಹಾರುವ ಶಕ್ತಿಯಿಲ್ಲದ್ದು. ಮಣ್ಣುಗೋಡೆಯ ಬಿರುಕು, ತೇವದ ನೆಲ, ದನದ ಕೊಟ್ಟಿಗೆ ಇದ್ದಲ್ಲಿ ಸುಖವಾಗಿ ಬಾಳುವಂಥದು. ಆದಕಾರಣ ಈ ರೋಗ ಬಡವರ ಮನೆಯನ್ನೇ ಹುಡುಕಿಕೊಂಡು ಹೋಗುತ್ತದೆ. ನೊಣ ಕಚ್ಚಿದ ಮೇಲೆ ಪರೋಪಜೀವಿ ಗುಲ್ಮ, ಪಿತ್ತಜನಕಾಂಗ, ಮೂಳೆಯ ಮಜ್ಜೆ ಇವುಗಳಲ್ಲಿ ಮನೆ ಮಾಡುತ್ತದೆ. ವಾರಗಟ್ಟಲೆ ಬಿಡದ ಜ್ವರ, ದಿನದಿನಕ್ಕೆ ಉಬ್ಬುವ ಹೊಟ್ಟೆ, ಕಡ್ಡಿಯಾಗುವ ಕೈಕಾಲು, ಬತ್ತುವ ರಕ್ತ, ಇವು ಅದರ ಲಕ್ಷಣಗಳು. ಚಿಕಿತ್ಸೆ ದೊರೆಯದಿದ್ದರೆ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಮಂದಿಗೆ ಸಾವು ತಪ್ಪಿದ್ದಲ್ಲ. ಇಷ್ಟಾದರೂ ಬರಿಯ ಕಣ್ಣಿಗೆ ಅದು ಹಳೆಯ ಮಲೇರಿಯಾದಂತೆಯೇ ಕಾಣುತ್ತದೆ. ಎಲ್ಲ ತೊಡಕಿಗೂ ಮೂಲವಾದದ್ದು ಈ ಹೋಲಿಕೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಸ್ಸಾಮಿನಲ್ಲಿ ಆದ ಅನಾಹುತವನ್ನು ನೋಡಿದರೆ ಈ ತೊಡಕು ಎಷ್ಟು ದುಬಾರಿಯಾಯಿತೆಂದು ತಿಳಿಯುತ್ತದೆ. ಗಾರೋ ಬೆಟ್ಟಗಳ ಬುಡದಿಂದ ಹೊರಟ ಜ್ವರ ಬ್ರಹ್ಮಪುತ್ರೆಯ ಕಣಿವೆಯುದ್ದಕ್ಕೂ ವರ್ಷದಿಂದ ವರ್ಷಕ್ಕೆ ಮೇಲಕ್ಕೆ ಏರುತ್ತ ಹೋಯಿತು. 1891ರಿಂದ 1901ರ ವರೆಗಿನ ಹತ್ತು ವರ್ಷಗಳಲ್ಲಿ ನೌಗಾಂಗ್ ಜಿಲ್ಲೆಯ ಜನಸಂಖ್ಯೆ ಸುಮಾರು ಕಾಲು ಭಾಗದಷ್ಟು ಇಳಿದುಹೋಯಿತು. ಊರುಗಳು ಹಾಳುಬಿದ್ದುವು, ಗದ್ದೆಗಳು ಕಾಡಾದುವು. ಸರ್ಕಾರ ತನಿಖೆಗೆಂದು ವೈದ್ಯರನ್ನು ಕಳುಹಿಸಿತು. 1890ರ ಸುಮಾರಿಗೆ ಬಂದ ಜೈಲ್ಸ್ ಎಂಬವರು ಇದು ಕೊಕ್ಕೆಹುಳುವಿನ ಬಾಧೆ ಎಂದರು. ಕೆಲವು ವರ್ಷಗಳಾದ ಮೇಲೆ ಬಂದ ಲಿಯೊನಾರ್ಡ್ ರಾಜರ್ಸ್ ಇದು ಉಗ್ರರೂಪದ ಮಲೇರಿಯಾ ಎಂದರು. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು ಸಿದ್ಧಪಡಿಸಿದ ರೊನಾಲ್ಡ್ ರಾಸ್ ಕೂಡ ಅದೇ ಅಭಿಪ್ರಾಯಕ್ಕೆ ಬಂದರು. ಜನ ಮಾತ್ರ ಅದಕ್ಕೆ ತಮ್ಮದೇ ಹೆಸರಿಟ್ಟಿದ್ದರು: ‘ಸರ್ಕಾರಿ ಬೀಮಾರಿ’. ಆಳುವವರ ಜೊತೆಯಲ್ಲಿಯೇ ಬಂದ ರೋಗ ಎಂಬ ಅರ್ಥ ಅದರಲ್ಲಿತ್ತು. ಆ ಹೆಸರಿನಲ್ಲಿ ಕಹಿ ಇದೆ. ಪೂರ್ತಿ ಸುಳ್ಳೆನ್ನಲೂ ಆಗದು.

ಗಂಟು ಬಿಚ್ಚಿಕೊಂಡದ್ದು 1903ರಲ್ಲಿ. ಅದೂ ಎರಡು ಕಡೆಗಳಲ್ಲಿ. ಕಲ್ಕತ್ತೆಯ ಬಳಿಯ ದಮ್‌ದಮ್‌ನಲ್ಲಿ ಜ್ವರ ಹಿಡಿದು ಇಂಗ್ಲೆಂಡಿಗೆ ಮರಳಿ 1900ರಲ್ಲಿ ಸತ್ತ ಒಬ್ಬ ಸಿಪಾಯಿಯ ಗುಲ್ಮದಲ್ಲಿ ವಿಲಿಯಂ ಲೀಶ್‌ಮನ್ ಎಂಬ ಸೇನಾವೈದ್ಯರು ಕೆಲವು ಸಣ್ಣ ಕಾಯಗಳನ್ನು ಕಂಡಿದ್ದರು. ಅದನ್ನು ಅವರು ಪ್ರಕಟಿಸಿದ್ದು 1903ರ ಮೇ ತಿಂಗಳಲ್ಲಿ. ಇತ್ತ ಮದರಾಸಿನ ಜನರಲ್ ಆಸ್ಪತ್ರೆಯಲ್ಲಿದ್ದ ಚಾರ್ಲ್ಸ್ ಡಾನವನ್ ಅದೇ ವರ್ಷ ಜೂನ್ 17ರಂದು ಹನ್ನೆರಡು ವರ್ಷದ ಒಬ್ಬ ಹುಡುಗನ ಗುಲ್ಮಕ್ಕೆ ಸೂಜಿ ಚುಚ್ಚಿ, ಬದುಕಿರುವ ರೋಗಿಯಲ್ಲಿಯೇ ಅವನ್ನು ಕಂಡರು. ಹೊಸ ಜೀವಿಗೆ ಹೆಸರಿಡುವ ಕೆಲಸ ರಾಸ್ ಅವರ ಪಾಲಿಗೆ ಬಂತು. ಅವರು ಇಬ್ಬರ ಹೆಸರನ್ನೂ ಜೋಡಿಸಿ ‘ಲೀಶ್ಮೇನಿಯ ಡಾನವನಿ’ ಎಂದು ಕರೆದರು. ಇದು ಮಲೇರಿಯಾ ಎಂದಿದ್ದವರೇ ಇದು ಬೇರೆಯೆಂದು ಒಪ್ಪಿ ನಾಮಕರಣ ಮಾಡಿದ್ದು ವಿಜ್ಞಾನಕ್ಕೆ ಶೋಭೆ ತರುವ ಸಂಗತಿ.

ಆದರೆ ಕಂಡುಹಿಡಿದ ವಿಧಾನ ಅಪಾಯದ್ದು. ಗುಲ್ಮ ಎನ್ನುವುದು ಎಡಪಕ್ಕೆಯ ಕೆಳಗೆ ರಕ್ತ ತುಂಬಿಕೊಂಡಿರುವ ಮೆತ್ತನೆಯ ಅಂಗ. ಈ ರೋಗದಲ್ಲಿ ಅದು ಹೊಕ್ಕುಳನ್ನು ದಾಟಿ ಬೆಳೆಯುವುದುಂಟು. ಸೂಜಿ ಸ್ವಲ್ಪ ಹರಿದರೂ ಒಳಗೊಳಗೇ ರಕ್ತ ಸೋರಿ ರೋಗಿ ಸಾಯುವ ಭಯವಿತ್ತು. ನುರಿತ ಕೈ ಬೇಕು, ಸೂಕ್ಷ್ಮದರ್ಶಕ ಬೇಕು, ಅದರಲ್ಲಿ ಕಂಡದ್ದನ್ನು ಗುರುತಿಸಬಲ್ಲ ಕಣ್ಣು ಬೇಕು. ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಇವೆಲ್ಲ ಒಟ್ಟುಗೂಡಿಯಾವು. ರೋಗವಿದ್ದದ್ದು ಹಳ್ಳಿಯಲ್ಲಿ. ಅಸ್ಸಾಮಿನ ಒಬ್ಬ ಕೂಲಿಯಾಳು ಎತ್ತಿನ ಗಾಡಿಯಲ್ಲಿ ಎರಡು ದಿನ ಬಂದು, ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡು, ಉತ್ತರಕ್ಕೆ ಕಾಯುವನೆಂದು ನಂಬುವುದು ಹೇಗೆ? ಇಂದಿಗೂ ಪರೋಪಜೀವಿಯನ್ನು ಕಣ್ಣಾರೆ ಕಾಣಬೇಕಾದರೆ ಗುಲ್ಮದ ಪರೀಕ್ಷೆಯಷ್ಟು ಖಚಿತವಾದುದು ಬೇರೊಂದಿಲ್ಲ. ಅದನ್ನು ಎಲ್ಲರಿಗೂ ಮಾಡಲಾಗದು ಎಂಬುದೂ ಅಷ್ಟೇ ನಿಜ.

ಮುಂದಿನ ಹೆಜ್ಜೆ ಕಲ್ಕತ್ತೆಯದು. ಅಲ್ಲಿನ ಕ್ಯಾಂಬೆಲ್ ಆಸ್ಪತ್ರೆಯ ಒಂದು ಚಿಕ್ಕ ಕೋಣೆಯಲ್ಲಿ, ಅನಿಲದ ಒಲೆಯೂ ನಲ್ಲಿಯ ನೀರೂ ಇಲ್ಲದ ಕಡೆ, ಸೀಮೆಯೆಣ್ಣೆಯ ದೀಪದ ಬೆಳಕಿನಲ್ಲಿ ಉಪೇಂದ್ರನಾಥ ಬ್ರಹ್ಮಚಾರಿಯವರು 1920ರಲ್ಲಿ ‘ಯೂರಿಯ ಸ್ಟಿಬಮೀನ್’ ಎಂಬ ಔಷಧವನ್ನು ಸಿದ್ಧಪಡಿಸಿದರು. ಸಾಯುವುದೇ ನಿಯಮವಾಗಿದ್ದ ರೋಗದಲ್ಲಿ ಬದುಕುವುದೇ ನಿಯಮವಾಯಿತು. ಔಷಧ ಬಂದ ಮೇಲೆ ಪತ್ತೆಯ ಬೆಲೆ ಏರಿತು. ಮದ್ದಿಲ್ಲದ ರೋಗವನ್ನು ಬೇಗ ಗುರುತಿಸಿ ಮಾಡುವುದೇನು? ಮದ್ದಿದ್ದರೆ ತಡಮಾಡಿದ ಒಂದೊಂದು ವಾರವೂ ಲೆಕ್ಕಕ್ಕೆ ಬರುತ್ತದೆ. ಅದೇ ದಶಕದಲ್ಲಿ ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯ ನೇಪಿಯರ್ ಎಂಬವರು ಒಂದು ಸುಲಭ ಪರೀಕ್ಷೆಯನ್ನು ಬಳಕೆಗೆ ತಂದರು. ತೋಳಿನ ನರದಿಂದ ತೆಗೆದ ರಕ್ತದ ತಿಳಿಗೆ ಒಂದು ತೊಟ್ಟು ಫಾರ್ಮಲಿನ್ ಬಿಟ್ಟರೆ ಅದು ಹೆಪ್ಪುಗಟ್ಟಿ, ಬೇಯಿಸಿದ ಮೊಟ್ಟೆಯ ಬಿಳಿಯ ಭಾಗದಂತಾಗುತ್ತಿತ್ತು. ಗುಲ್ಮಕ್ಕೆ ಚುಚ್ಚುವ ಕೆಲಸ ತಪ್ಪಿತು. ಆದರೆ ರೋಗ ಎರಡು ಮೂರು ತಿಂಗಳು ಹಳೆಯದಾಗುವ ತನಕ ಆ ಹೆಪ್ಪು ಕಟ್ಟುತ್ತಿರಲಿಲ್ಲ. ಪರೀಕ್ಷೆ ಸುಲಭವಾಯಿತು, ಉತ್ತರ ತಡವಾಗಿ ಬಂತು. ಅಷ್ಟು ಹೊತ್ತಿಗೆ ಆ ರೋಗಿಯ ಮೈಯಿಂದ ನೊಣಗಳು ನೆರೆಮನೆಗಳಿಗೆ ರೋಗವನ್ನು ಸಾಗಿಸಿಬಿಟ್ಟಿರುತ್ತಿದ್ದುವು.

ನೊಣವೇ ರೋಗವನ್ನು ಸಾಗಿಸುತ್ತದೆಂದು ಸಂಶಯಕ್ಕೆಡೆಯಿಲ್ಲದಂತೆ ತೋರಿಸಿದ್ದು 1942ರಲ್ಲಿ. ಸ್ವಾಮಿನಾಥ್, ಶಾರ್ಟ್, ಆಂಡರ್ಸನ್ ಎಂಬ ಮೂವರು, ತಾವಾಗಿ ಮುಂದೆ ಬಂದ ಆಳುಗಳನ್ನು ನೊಣಗಳಿಂದ ಕಚ್ಚಿಸಿ ಇದನ್ನು ಸಿದ್ಧಪಡಿಸಿದರು. ಮುಂದೆ 1953ರಲ್ಲಿ ಮಲೇರಿಯಾ ನಿಯಂತ್ರಣಕ್ಕೆಂದು ದೇಶದಾದ್ಯಂತ ಮನೆಮನೆಗೂ ಡಿ.ಡಿ.ಟಿ. ಹೊಡೆಯತೊಡಗಿದಾಗ, ಗೋಡೆಯ ಬಿರುಕಿನ ಮರಳುನೊಣವೂ ಸೊಳ್ಳೆಯ ಜೊತೆಯಲ್ಲಿ ಸತ್ತಿತು. ಯಾರೂ ಗುರಿಯಿಟ್ಟು ಹೊಡೆಯದ ಶತ್ರು ಬಿದ್ದುಹೋಯಿತು. 1960ರ ದಶಕದ ಹೊತ್ತಿಗೆ ಕಾಲಾ ಆಜಾರ್ ಬಹುಮಟ್ಟಿಗೆ ಮರೆಯಾಗಿತ್ತು. ಡಿ.ಡಿ.ಟಿ. ನಿಂತಿತು, ನೊಣ ಮರಳಿತು. 1977ರಲ್ಲಿ ಉತ್ತರ ಬಿಹಾರದಲ್ಲಿ ಸುಮಾರು ಒಂದು ಲಕ್ಷ ಮಂದಿ ಕಾಯಿಲೆ ಬಿದ್ದರು. ನಾಲ್ಕೂವರೆ ಸಾವಿರ ಮಂದಿ ಸತ್ತರು. ರೋಗ ಹೋಯಿತೆಂದು ನಂಬಿ ಹುಡುಕುವುದನ್ನು ಬಿಟ್ಟವರಿಗೆ ಅದು ಕಲಿಸಿದ ಪಾಠ ಇದು. ಈ ಪಾಠವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡಿರಬೇಕು; ಮುಂದೆ ಮತ್ತೆ ಬೇಕಾಗುತ್ತದೆ.

ಇನ್ನು ಬೆರಳ ತುದಿಯ ಕಾಲ. ಹೊರಗಿನ ಶತ್ರು ಮೈಯನ್ನು ಹೊಕ್ಕಾಗ ಶರೀರ ಅದನ್ನು ಎದುರಿಸಲೆಂದು ಪ್ರತಿಕಾಯಗಳೆಂಬ ವಸ್ತುಗಳನ್ನು ಹುಟ್ಟಿಸುತ್ತದೆ. ಒಂದೊಂದು ಶತ್ರುವಿಗೆ ಒಂದೊಂದು ಬಗೆಯ ಪ್ರತಿಕಾಯ. ಬೀಗಕ್ಕೆ ತಕ್ಕ ಕೀಲಿ ಎಂದುಕೊಳ್ಳಿ. ಶತ್ರು ಕಣ್ಣಿಗೆ ಬೀಳದಿದ್ದರೂ ಅವನಿಗಾಗಿ ಮಾಡಿಸಿದ ಕೀಲಿ ಸಿಕ್ಕಿದರೆ ಅವನು ಬಂದದ್ದು ತಿಳಿಯುತ್ತದೆ. ಈ ಪರೋಪಜೀವಿಯ ಒಂದು ಪ್ರೋಟೀನಿನಲ್ಲಿ ಮೂವತ್ತೊಂಬತ್ತು ಅಮೈನೊ ಆಮ್ಲಗಳ ಒಂದು ತುಣುಕು ಪಲ್ಲವಿಯಂತೆ ಮತ್ತೆ ಮತ್ತೆ ಬರುತ್ತದೆಂದು 1993ರಲ್ಲಿ ಅಮೆರಿಕದ ವಿಜ್ಞಾನಿಗಳು ಕಂಡುಕೊಂಡರು. ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ‘ಆರ್‌ಕೆ 39’ ಎಂದು ಕರೆದರು. ಕಾಗದದಂಥ ಒಂದು ಪಟ್ಟಿಯ ಮೇಲೆ ಅದನ್ನು ಲೇಪಿಸಿ, ಬೆರಳಿನ ಒಂದು ತೊಟ್ಟು ರಕ್ತ ಹಾಕಿದರೆ, ಪ್ರತಿಕಾಯವಿದ್ದವರಲ್ಲಿ ಕಾಲು ಗಂಟೆಯೊಳಗೆ ಗೆರೆಯೊಂದು ಮೂಡುತ್ತದೆ. ಕಾಶಿ ಹಿಂದೂ ವಿಶ್ವವಿದ್ಯಾನಿಲಯದ ಶ್ಯಾಮಸುಂದರ್ ಮತ್ತು ಸಂಗಡಿಗರು ಭಾರತದ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದರು. ವಿದ್ಯುತ್ತಿಲ್ಲದ ಊರಿನಲ್ಲಿಯೂ ನಡೆಯುವ ಪರೀಕ್ಷೆ ಇದು. ಎರಡು ವಾರ ಮೀರಿದ ಜ್ವರ, ಊದಿದ ಗುಲ್ಮ, ಪಟ್ಟಿಯ ಮೇಲೆ ಗೆರೆ, ಈ ಮೂರೂ ಸೇರಿದರೆ ಚಿಕಿತ್ಸೆ ಆರಂಭಿಸುವುದು ಇಂದಿನ ಪದ್ಧತಿ.

ಇಲ್ಲಿಂದ ಮೂತ್ರಕ್ಕೆ ಬರೋಣ. ಮೂತ್ರವನ್ನು ನೋಡಿ ರೋಗವನ್ನು ಹೇಳುವುದು ನಮ್ಮವರಿಗೆ ಹೊಸತಲ್ಲ. ಪ್ರಮೇಹಿಯ ಮೂತ್ರಕ್ಕೆ ಇರುವೆ ಮುತ್ತುತ್ತದೆಂದು ಹಿಂದಿನ ವೈದ್ಯರು ಬಲ್ಲರು. ‘ಯೋಗರತ್ನಾಕರ’ವೆಂಬ ಗ್ರಂಥದಲ್ಲಿ ತೈಲಬಿಂದು ಪರೀಕ್ಷೆಯೊಂದು ಬರುತ್ತದೆ. ಬೆಳಗಿನ ಮೂತ್ರದ ಮೇಲೆ ಎಳ್ಳೆಣ್ಣೆಯ ಒಂದು ತೊಟ್ಟನ್ನು ಮೆಲ್ಲನೆ ಬಿಡಬೇಕು. ಅದು ಬೇಗ ಹರಡಿದರೆ ರೋಗ ಸಾಧ್ಯ, ಹರಡದೆ ನಿಂತರೆ ಕಷ್ಟಸಾಧ್ಯ, ತಳಕ್ಕಿಳಿದರೆ ಅಸಾಧ್ಯ. ಯೂರೋಪಿನಲ್ಲಿಯೂ ಶತಮಾನಗಳ ಕಾಲ ವೈದ್ಯರೆಂದರೆ ಗಾಜಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ಮೂತ್ರದ ಬಣ್ಣ ನೋಡುವವರು ಎಂದೇ ಚಿತ್ರಕಾರರು ಬರೆಯುತ್ತಿದ್ದರು. ಹಿಂದಿನವರೆಲ್ಲ ಇಂದಿನದನ್ನು ಬಲ್ಲವರಾಗಿದ್ದರೆಂದು ಹೇಳುವ ಚಾಪಲ್ಯ ನನಗಿಲ್ಲ. ಎಣ್ಣೆಯ ತೊಟ್ಟಿಗೂ ಪ್ರತಿಕಾಯಕ್ಕೂ ಸಂಬಂಧವಿಲ್ಲ. ಆದರೆ ರೋಗಿಯನ್ನು ನೋಯಿಸದೆ ಅವನಿಂದ ಉತ್ತರ ಪಡೆಯಬೇಕೆಂಬ ಆಸೆ ಎರಡರಲ್ಲಿಯೂ ಒಂದೇ.

ರಕ್ತದಲ್ಲಿರುವ ಪ್ರತಿಕಾಯಗಳಲ್ಲಿ ತೀರ ಅಲ್ಪವಾದ ಭಾಗ ಮೂತ್ರಪಿಂಡದ ಜರಡಿಯನ್ನು ದಾಟಿ ಹೊರಬರುತ್ತದೆ. ಹಳೆಯ ವಿಧಾನಗಳಿಗೆ ಅದು ಸಿಕ್ಕುತ್ತಿರಲಿಲ್ಲ. ‘ಎಲೈಸಾ’ ಎಂಬ ವಿಧಾನದಲ್ಲಿ, ಹಿಡಿದ ಪ್ರತಿಕಾಯಕ್ಕೆ ಒಂದು ಕಿಣ್ವವನ್ನು ಕಟ್ಟಿ ಬಣ್ಣ ಬರಿಸುವುದರಿಂದ, ಅಷ್ಟು ಅಲ್ಪವೂ ಕಣ್ಣಿಗೆ ಕಾಣುವಂತಾಯಿತು. ಜಪಾನಿನ ಐಚಿ ವೈದ್ಯಕೀಯ ವಿಶ್ವವಿದ್ಯಾನಿಲಯದವರು ಶ್ರೀಲಂಕೆಯ ವಿದ್ವಾಂಸರೊಡನೆ ಸೇರಿ, 2001ರಲ್ಲಿ ಆನೆಕಾಲು ರೋಗದ ಹುಳುವಿಗೆ ಹೀಗೆ ಮೂತ್ರದಲ್ಲಿ ಪ್ರತಿಕಾಯ ಹುಡುಕಿ ತೋರಿಸಿದರು. ಇದರ ಬೆಲೆ ನಮ್ಮ ಕರಾವಳಿಯವರಿಗೂ ಕಲಬುರಗಿ ಬೀದರದ ಕಡೆಯವರಿಗೂ ಚೆನ್ನಾಗಿ ತಿಳಿದೀತು. ಆನೆಕಾಲಿನ ಹುಳುವಿನ ಮರಿಗಳು ರಕ್ತನಾಳದಲ್ಲಿ ಸುಳಿಯುವುದು ರಾತ್ರಿಯ ಹೊತ್ತು. ಆದಕಾರಣ ಆರೋಗ್ಯ ಇಲಾಖೆಯವರು ನಿದ್ದೆಯ ವೇಳೆಗೆ ಮನೆಮನೆಯ ಬಾಗಿಲು ತಟ್ಟಿ ಬೆರಳಿನಿಂದ ರಕ್ತ ತೆಗೆಯಬೇಕಾಗುತ್ತಿತ್ತು. ಮಲಗಿದ ಮಗುವನ್ನು ಎಬ್ಬಿಸಿ ಸೂಜಿ ಚುಚ್ಚಿರೆಂದು ಯಾವ ತಾಯಿ ನಗುತ್ತ ಒಪ್ಪಿಯಾಳು?

ಅದೇ ಜಪಾನಿನ ತಂಡ ಬಂಗ್ಲಾದೇಶದವರ ಜೊತೆಗೂಡಿ ಕಾಲಾ ಆಜಾರ್‌ಗೂ ಈ ವಿಧಾನವನ್ನು ಅನ್ವಯಿಸಿ 2002ರಲ್ಲಿ ಪ್ರಕಟಿಸಿತು. ಇದಕ್ಕೂ ಮೊದಲು, 2001ರಲ್ಲಿ, ಲಿವರ್‌ಪೂಲಿನವರು ಮೂತ್ರದಲ್ಲಿ ಪರೋಪಜೀವಿಯದೇ ಆದ ಒಂದು ವಸ್ತುವನ್ನು ಹಿಡಿಯುವ ಪರೀಕ್ಷೆಯನ್ನು ತಂದಿದ್ದರು. ಅದಕ್ಕೆ ಮೂತ್ರವನ್ನು ಮೊದಲು ಕುದಿಸಬೇಕಾಗಿತ್ತು. ಕೆಲವು ರೋಗಿಗಳು ಅದರ ಕಣ್ಣು ತಪ್ಪಿಸಿಕೊಳ್ಳುತ್ತಿದ್ದರು. ಪ್ರತಿಕಾಯದ ಪರೀಕ್ಷೆಯಲ್ಲಿ ಹಾಗೆ ತಪ್ಪಿಸಿಕೊಳ್ಳುವವರು ಕಡಮೆ. ಬೆರಳ ರಕ್ತಕ್ಕೆಂದು ಮಾಡಿದ ‘ಆರ್‌ಕೆ 39’ ಪಟ್ಟಿಯನ್ನೇ ಮೂತ್ರದಲ್ಲಿ ಅದ್ದಿ ನೋಡಿದ ಪ್ರಯೋಗಗಳೂ ನಮ್ಮ ದೇಶದಲ್ಲಿ ನಡೆದಿವೆ. ಸೂಜಿ ಬೇಡ, ನುರಿತ ಕೈ ಬೇಡ, ಸೋಂಕಿದ ಸೂಜಿಯಿಂದ ಬೇರೆ ರೋಗ ಹರಡೀತೆಂಬ ಭಯವಿಲ್ಲ. ಒಂದು ಸೀಸೆಯನ್ನು ಕೊಟ್ಟರೆ ಮನೆಯವರೇ ತುಂಬಿ ಕೊಡುತ್ತಾರೆ. ಕೂಸುಗಳಿಂದ ಹಿಡಿದು ಮುದುಕರ ವರೆಗೆ ಯಾರೂ ಹೆದರಬೇಕಾದುದಿಲ್ಲ.

ಬೇಗ ಕಂಡುಹಿಡಿಯುವುದು ಎಂಬ ಮಾತಿನ ಅರ್ಥವನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ಪರೋಪಜೀವಿ ಮೈಯನ್ನು ಹೊಕ್ಕವರೆಲ್ಲರೂ ಕಾಯಿಲೆ ಬೀಳುವುದಿಲ್ಲ. ಬಹುಮಂದಿಯ ಶರೀರ ಅದನ್ನು ಸದ್ದಿಲ್ಲದೆ ಅಡಗಿಸಿಡುತ್ತದೆ. ಕೆಲವರಲ್ಲಿ ಮಾತ್ರ ತಿಂಗಳುಗಳ ಮೇಲೆ ಜ್ವರ ಏಳುತ್ತದೆ. ಪ್ರತಿಕಾಯವು ಜ್ವರಕ್ಕೆ ಮೊದಲೇ ಕಾಣಿಸಿಕೊಳ್ಳಬಹುದು. ಅದರ ಪ್ರಮಾಣ ರಕ್ತದಲ್ಲಿ ತೀರ ಹೆಚ್ಚಾಗಿರುವವರಲ್ಲಿ ಮುಂದೆ ರೋಗ ಬರುವ ಸಂಭವ ಇತರರಿಗಿಂತ ಬಹಳ ಹೆಚ್ಚೆಂದು ಭಾರತ ಮತ್ತು ನೇಪಾಳದ ಹಳ್ಳಿಗಳಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನಗಳು ತೋರಿಸಿವೆ. ಹೀಗಾಗಿ ಯಾವ ಮನೆಯ ಮೇಲೆ ಕಣ್ಣಿಡಬೇಕು, ಯಾವ ಓಣಿಯಲ್ಲಿ ಔಷಧ ಸಿಂಪಡಿಸಬೇಕು ಎಂಬುದನ್ನು ಮೊದಲೇ ತಿಳಿಯಬಹುದು. ಆದರೆ ಪ್ರತಿಕಾಯವಿದೆಯೆಂಬಷ್ಟಕ್ಕೇ ಮದ್ದು ಕೊಡುವಂತಿಲ್ಲ. ಈ ಮದ್ದುಗಳು ಆರೋಗ್ಯವಂತರಿಗೆ ಸುಮ್ಮನೆ ಕೊಡುವಂಥ ಸೌಮ್ಯವಾದುವಲ್ಲ. ಇನ್ನೊಂದು ತೊಡಕೂ ಉಂಟು. ಗುಣವಾದ ಮೇಲೂ ಪ್ರತಿಕಾಯಗಳು ವರ್ಷಗಟ್ಟಲೆ ಉಳಿಯುತ್ತವೆ. ಶತ್ರು ಹೋದ ಮೇಲೂ ಅವನ ಕೀಲಿ ಮನೆಯಲ್ಲಿಯೇ ತೂಗುತ್ತಿರುತ್ತದೆ. ಆದುದರಿಂದ ರೋಗ ಮರುಕಳಿಸಿತೇ ಎಂಬ ಪ್ರಶ್ನೆಗೆ ಈ ಪರೀಕ್ಷೆ ಉತ್ತರ ಹೇಳಲಾರದು. ಆಸ್ಪತ್ರೆಯಲ್ಲಿ ಬೆರಳ ರಕ್ತದ ಪಟ್ಟಿಯನ್ನು ಮೂತ್ರದ ಪರೀಕ್ಷೆ ಇನ್ನೂ ಹೊರಗಟ್ಟಿಲ್ಲ.

ಹಾಗಾದರೆ ಇದರ ನಿಜವಾದ ಉಪಯೋಗ ಎಲ್ಲಿ? ಒಂದು ಲೆಕ್ಕ ನೋಡಿ. 1992ರಲ್ಲಿ ಭಾರತದಲ್ಲಿ ಎಪ್ಪತ್ತೇಳು ಸಾವಿರಕ್ಕೂ ಹೆಚ್ಚು ಮಂದಿಗೆ ಈ ಕಾಯಿಲೆಯಾಗಿತ್ತು. 2005ರಲ್ಲಿ ಭಾರತ, ನೇಪಾಳ, ಬಂಗ್ಲಾದೇಶ ಮೂರೂ ಸೇರಿ, ಪ್ರತಿಯೊಂದು ತಾಲ್ಲೂಕಿನಂಥ ಘಟಕದಲ್ಲಿಯೂ ವರ್ಷಕ್ಕೆ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಮೆ ರೋಗಿಗಳಿರುವಂತೆ ಮಾಡಲು ಒಪ್ಪಂದ ಮಾಡಿಕೊಂಡುವು. ಒಂದೇ ಸಲ ಕೊಡುವ ಹೊಸ ಔಷಧ, ಮನೆಗಳಿಗೆ ಸಿಂಪಡಣೆ, ಬೇಗ ಪತ್ತೆ, ಇವುಗಳಿಂದ ರೋಗ ಇಳಿಯುತ್ತ ಬಂತು. 2023ರಲ್ಲಿ ಭಾರತದ ಸಂಖ್ಯೆ ಸಾವಿರದೊಳಗಿತ್ತು. ಅದೇ ವರ್ಷ ಬಂಗ್ಲಾದೇಶ ಈ ಗುರಿ ಮುಟ್ಟಿತೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು; ಪ್ರಪಂಚದಲ್ಲಿ ಅಂಥ ಮನ್ನಣೆ ಪಡೆದ ಮೊದಲನೆಯ ದೇಶ ಅದು.

ಸಂತೋಷಪಡಬೇಕಾದ ಈ ಸುದ್ದಿಯಲ್ಲಿಯೇ ಒಂದು ಎಚ್ಚರಿಕೆ ಅಡಗಿದೆ. ರೋಗಿಗಳು ಸಾವಿರಾರು ಮಂದಿ ಇದ್ದಾಗ ವೈದ್ಯರಿಗೆ ಆ ಜ್ವರ ಚಿರಪರಿಚಿತ. ಒಬ್ಬಿಬ್ಬರಾದಾಗ ಹೊಸ ವೈದ್ಯರು ಅದನ್ನು ಕಂಡೇ ಇರುವುದಿಲ್ಲ. ಹಿಂದಿನಂತೆಯೇ ಮಲೇರಿಯಾ ಎಂದೋ ವಿಷಮಶೀತ ಜ್ವರವೆಂದೋ ಮದ್ದು ಕೊಟ್ಟು ಕಳುಹಿಸುತ್ತಾರೆ. ಇದಲ್ಲದೆ ಗುಣವಾದವರಲ್ಲಿ ಕೆಲವರಿಗೆ ಕಾಲಾಂತರದಲ್ಲಿ ಚರ್ಮದ ಮೇಲೆ ಬಿಳಿಯ ಮಚ್ಚೆಗಳೂ ಗಂಟುಗಳೂ ಏಳುವುದುಂಟು. ಬ್ರಹ್ಮಚಾರಿಯವರೇ 1922ರಲ್ಲಿ ಇದನ್ನು ವರ್ಣಿಸಿದ್ದರು. ಅವರಿಗೆ ಜ್ವರವಿಲ್ಲ, ನೋವಿಲ್ಲ. ಆಸ್ಪತ್ರೆಗೆ ಬರುವ ಕಾರಣವೂ ಇಲ್ಲ. ಆದರೆ ಅವರ ಚರ್ಮದಿಂದ ನೊಣಕ್ಕೆ ಪರೋಪಜೀವಿ ದೊರೆಯುತ್ತದೆ. 1977ರ ಬಿಹಾರದ ಪಾಠವನ್ನು ಮರೆಯಬಾರದೆಂದದ್ದು ಈ ಕಾರಣಕ್ಕೆ. ಆರೋಗ್ಯವಾಗಿರುವ ಊರನ್ನು ವರ್ಷಕ್ಕೊಮ್ಮೆ ಕೇಳಿ ನೋಡುವ ಉಪಾಯ ಬೇಕು. ಜ್ವರವಿಲ್ಲದ ಮನುಷ್ಯ ಸೂಜಿಗೆ ಬೆರಳು ಕೊಡಲು ಹಿಂಜರಿಯುತ್ತಾನೆ. ಸೀಸೆಯನ್ನು ತುಂಬಿ ಕೊಡಲು ಅಷ್ಟು ಹಿಂಜರಿಯಲಾರ. ಎಳೆಯ ಮಕ್ಕಳ ಮೂತ್ರದಲ್ಲಿ ಪ್ರತಿಕಾಯ ಕಂಡಿತೆಂದರೆ, ಅದು ಹಳೆಯ ನೆನಪಾಗಿರಲಾರದು. ನೊಣ ಈಚೆಗೆ ಆ ಊರಿಗೆ ಬಂದು ಕಚ್ಚಿದೆಯೆಂದೇ ತಿಳಿಯಬೇಕು. ಪ್ರತಿಕಾಯ ಹಳೆಯದೋ ಹೊಸದೋ ಎಂಬ ತೊಡಕಿಗೆ ಇಲ್ಲಿ ಒಂದು ಪರಿಹಾರವೂ ಸಿಕ್ಕುತ್ತದೆ.

ಅಸ್ಸಾಮಿನ ಜನ ‘ಸರ್ಕಾರಿ ಬೀಮಾರಿ’ ಎಂದು ಕರೆದಾಗ, ಸರ್ಕಾರ ತಮ್ಮನ್ನು ಕೇಳದೆ ತಮ್ಮ ಮೇಲೆ ಹೇರಿದ ಎಲ್ಲದರ ಪಟ್ಟಿಯಲ್ಲಿ ಜ್ವರವನ್ನೂ ಸೇರಿಸಿದ್ದರು. ಆ ಹೆಸರು ಅಳಿಯಬೇಕಾದರೆ ಕಾಯಿಲೆ ಬಿದ್ದವನು ಆಸ್ಪತ್ರೆಯನ್ನು ಹುಡುಕಿಕೊಂಡು ಬರಲೆಂದು ಕಾಯುವ ಪದ್ಧತಿ ಅಳಿಯಬೇಕು. ಕಟ್ಟಕಡೆಯ ಮಣ್ಣುಗೋಡೆಯ ಮನೆಯ ಬಾಗಿಲಿಗೆ ಹೋಗಿ, ಒಳಗಿರುವವರನ್ನು ನೋಯಿಸದೆ, ‘ಚೆನ್ನಾಗಿದ್ದೀರಾ?’ ಎಂದು ಕೇಳುವುದನ್ನು ನಮ್ಮ ವೈದ್ಯಶಾಸ್ತ್ರ ಈಗೀಗ ಕಲಿಯುತ್ತಿದೆ. ಕೇಳುವ ಸಾಧನ ಕೈಗೆ ಬಂದಿದೆ. ಜ್ವರ ಅಡಗಿರುವ ದಿನಗಳಲ್ಲಿ ಆ ಬಾಗಿಲಿನ ವರೆಗೆ ನಡೆದುಹೋಗುವ ವ್ಯವಧಾನ ಉಳಿದೀತೇ ಎಂಬುದನ್ನು ಮುಂದಿನ ಇಪ್ಪತ್ತು ವರ್ಷಗಳು ಹೇಳುತ್ತವೆ.